ಎಂಟು ಮುಖಗಳ ಜಾಹೀರಾತು

ನಮ್ಮ ಪತ್ರಿಕೆಯ ಹೆಸರು 'ಬಡಾವಣೆ ಬಂಧು'. ಪ್ರತಿ ಶನಿವಾರ ಬೆಳಗ್ಗೆ ಸರಸ್ವತಿಪುರಂನ ಮನೆಬಾಗಿಲುಗಳಲ್ಲಿ ಬಂದು ಬೀಳುತ್ತದೆ. ಯಾರೂ ಕೇಳಿರುವುದಿಲ್ಲ, ಆದರೂ ಬೀಳುತ್ತದೆ. ಒಟ್ಟು ಎಂಟು ಪುಟ. ಒಂದೂವರೆ ಪುಟ ಸುದ್ದಿ, ಉಳಿದದ್ದೆಲ್ಲ ಮುಖಗಳು. ಆ ಮುಖಗಳನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಬೆಳ್ಳಗೆ ಮಾಡಿ, ಸಾಲಾಗಿ ಕೂರಿಸುವುದು ನನ್ನ ಕೆಲಸ.

ಸಂಪಾದಕರು ವಸಿಷ್ಠ. ಮಾಲೀಕರೂ ಅವರೇ, ವರದಿಗಾರರೂ ಅವರೇ. ನಾನು ಕೆಲಸಕ್ಕೆ ಸೇರಿದ ದಿನವೇ ತಮ್ಮ ಶಾಸ್ತ್ರವನ್ನು ನನಗೆ ಉಪದೇಶಿಸಿದ್ದರು.

"ನೋಡಮ್ಮ ಶುಭಾ, ಜಾಹೀರಾತನ್ನ ಗಿರಾಕಿ ಓದ್ತಾನೆ ಅಂತ ತಿಳ್ಕೋಬೇಡ. ಕೊಟ್ಟೋನು ಓದ್ತಾನೆ. ಅವನ ಷಡ್ಡಕ ಓದ್ತಾನೆ. ಷಡ್ಡಕಂಗೆ ಹೊಟ್ಟೆ ಉರೀತು ಅಂದ್ರೆ ಮುಂದಿನ ವಾರ ಅವನೂ ಕೊಡ್ತಾನೆ. ಅಷ್ಟೇ ಕಣಮ್ಮ ಪತ್ರಿಕೋದ್ಯಮ."

ನಾನು ತಲೆಯಾಡಿಸಿದೆ. ಹೆಚ್ಚು ಮಾತಾಡುವ ಅಭ್ಯಾಸ ನನಗಿಲ್ಲ. ಕೇಳಿಸಿಕೊಳ್ಳುವವರ ಮುಂದೆ ಜನ ತಮ್ಮನ್ನು ತಾವೇ ಬಿಚ್ಚಿ ಹರಡಿಕೊಳ್ಳುತ್ತಾರೆ. ಪ್ರಶ್ನೆ ಕೇಳುವ ಶ್ರಮವೂ ಇರುವುದಿಲ್ಲ.

ಯುಗಾದಿಗೆ ಹತ್ತು ದಿನ ಇರುವಾಗ ಗಂಡಹೆಂಡತಿ ಇಬ್ಬರು ಆಫೀಸಿಗೆ ಬಂದರು. ಗಂಡ ಶಿವಲಿಂಗಯ್ಯ, ನಿವೃತ್ತ ಗುಮಾಸ್ತ, ಇಸ್ತ್ರಿ ಹಾಕಿದ ಬಿಳಿ ಷರಟು. ಹೆಂಡತಿ ಮಹದೇವಮ್ಮ, ಹುಬ್ಬಿನ ಮೇಲೆಲ್ಲ ಹಿಟ್ಟು. ಮನೆಯ ಮುಂದಿನ ರೂಮಿನಲ್ಲಿ ಇಪ್ಪತ್ತೆರಡು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿದ್ದವರು ಆಕೆ.

"ಒಂದು ಜಾಹೀರಾತು ಕೊಡೋಣ ಅಂತ. ಇದೇ ಕೊನೇ ಪ್ರಯತ್ನ," ಎಂದರು ಶಿವಲಿಂಗಯ್ಯ, ಕುರ್ಚಿಯಲ್ಲಿ ಹರಡಿಕೊಂಡು. "ಈಗ ಎಲ್ರೂ ಪ್ಯಾಕೆಟ್ ಹಿಟ್ಟು ತರಿಸ್ತಾರೆ. ಬೀಸ್ಕೊಳೋಕೆ ಯಾರು ಬರ್ತಾರೆ? ರಾಮನವಮಿವರೆಗೂ ನೋಡ್ತೀನಿ. ಜನ ಬರಲಿಲ್ಲ ಅಂದ್ರೆ ಮೆಷಿನ್ನು ಗುಜರಿಗೆ. ಮಹೇಂದ್ರ ಅಂತ ಒಬ್ಬ ಗುಜರಿಯವನಿಗೆ ಹೇಳೂ ಆಗಿದೆ. ಆಮೇಲೆ ಆ ರೂಮನ್ನ ನನ್ನ ಆಫೀಸು ಮಾಡ್ಕೋತೀನಿ. ಸಮಾಜಸೇವೆ ಅಂದ್ಮೇಲೆ ಒಂದು ಸೋಫಾ ಬೇಡ್ವೇನ್ರೀ?"

"ನಿಮ್ಮಂಥೋರಿಗೆ ಎಂದೋ ಇರಬೇಕಿತ್ತು ಸಾರ್," ಎಂದರು ವಸಿಷ್ಠ.

ಇವರ ಸಮಾಜಸೇವೆ ಯಾವುದೆಂದು ನಾನು ಕೇಳಲಿಲ್ಲ. ಅವರು ತಮ್ಮ ಲಕೋಟೆಯಿಂದ ಎಂಟು ಫೋಟೊ ತೆಗೆದು ಇಸ್ಪೀಟು ಎಲೆಗಳಂತೆ ಮೇಜಿನ ಮೇಲೆ ಹರಡಿದರು. ಮಠದ ಸ್ವಾಮೀಜಿ, ಅವರಿಗಿಂತ ಹಿಂದಿನ ಸ್ವಾಮೀಜಿ, ಇಬ್ಬರು ಮಾಜಿ ಕಾರ್ಪೊರೇಟರುಗಳು, ಸಂಘದ ಅಧ್ಯಕ್ಷರು, ತೀರಿಹೋದ ತಂದೆ, ಕೂಲಿಂಗ್ ಗ್ಲಾಸ್ ಹಾಕಿದ ಮೊಮ್ಮಗ. ಎಂಟನೆಯದು, ಪೇಟ ಸುತ್ತಿಕೊಂಡ ಶಿವಲಿಂಗಯ್ಯ.

"ಮೆಷಿನ್ ಫೋಟೊ ಒಂದು ಹಾಕ್ಬೋದಾ?" ಎಂದು ಮಹದೇವಮ್ಮ ಕೇಳಿದರು.

"ಸುಮ್ನಿರೆ. ಮೆಷಿನ್ ಮುಖ ಯಾರು ನೋಡ್ತಾರೆ!"

ಹೋಗುವಾಗ ಆಕೆ ನನ್ನ ಮೇಜಿನ ಹತ್ತಿರ ಬಗ್ಗಿ, "ಖಾರದಪುಡಿಗೆ ಬೇರೆ ಮೆಷಿನ್ ಇದೆ ಅಂತ ಬರೀತೀರಲ್ವಾ? ಕಲ್ಲು ಹೊಸದಾಗಿ ಕೊರೆಸಿದೀನಿ ಕಣಮ್ಮ," ಎಂದರು. ಬರೆಯುತ್ತೇನೆ ಎಂದೆ.

ಬರೆಯಲಿಲ್ಲ. ಎಂಟು ಮುಖಗಳು ಕೂತ ಮೇಲೆ ಜಾಗ ಎಲ್ಲಿತ್ತು? 'ನಾಡಿನ ಸಮಸ್ತ ಜನತೆಗೆ ಯುಗಾದಿ ಹಬ್ಬದ ಹಾರ್ದಿಕ ಶುಭಾಶಯಗಳು' ಎಂದು ಮೇಲೆ. 'ಶುಭ ಕೋರುವವರು: ಶ್ರೀ ಶಿವಲಿಂಗಯ್ಯ, ಸಮಾಜ ಸೇವಕರು, ಚಿಂತಕರು' ಎಂದು ಕೆಳಗೆ. ಇಬ್ಬರು ಗುರುಗಳೂ ಮೇಲಿನ ಮೂಲೆಗಳಲ್ಲಿ ಅಂಚೆಚೀಟಿಯಷ್ಟು. ನಡುವೆ ಇವರು ಅಂಗೈಯಗಲ.

"ಸಾರ್, ಗಿರಣಿ ಅಂತ ಎಲ್ಲೂ ಇಲ್ಲ. ವಿಳಾಸವೂ ಇಲ್ಲ," ಎಂದೆ.

"ಅವರು ನೋಡಿ ಓಕೆ ಅಂದ್ರು. ಚಿಂತಕರು ಅಂತ ಸೇರಿಸಿ ಅಂದ್ರು, ಸೇರಿಸಿದೆ. ನಿನಗೇನಮ್ಮ ನಷ್ಟ?"

ಶನಿವಾರ ಪತ್ರಿಕೆ ಬಿತ್ತು. ಯುಗಾದಿ ಮುಗಿದ ಮಾರನೆಯ ದಿನ ಆ ದಾರಿಯಲ್ಲಿ ಹೋಗುವಾಗ ಗಿರಣಿಗೆ ಇಣುಕಿದೆ. ಮೆಷಿನ್ನು ನಿಂತಿತ್ತು. ಮಹದೇವಮ್ಮ ಜರಡಿಯನ್ನು ಮೂರನೆಯ ಸಲವೋ ನಾಲ್ಕನೆಯ ಸಲವೋ ಒರೆಸುತ್ತಿದ್ದರು. ಆದರೆ ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿಯೇ ಇತ್ತು.

"ಜಾಹೀರಾತು ನೋಡಿ ಬಂದೋರು," ಎಂದರು ಆಕೆ. "ಬೆಳಗ್ಗೆ ಖೋಖೋ ಟೀಮಿನವರು. ಆಮೇಲೆ ಅಣ್ಣಮ್ಮನ ಉತ್ಸವದವರು. ಈಗ ಒಳಗಿರೋರು ಯಾವುದೋ ಕಲಾ ಬಳಗವಂತೆ. ಎಲ್ರ ಕೈಲೂ ರಸೀದಿ ಪುಸ್ತಕ. ಒಬ್ರ ಕೈಲೂ ಡಬ್ಬ ಇಲ್ಲ."

ಒಳಗಿನಿಂದ ಶಿವಲಿಂಗಯ್ಯನವರ ನಗು ಕೇಳಿಸಿತು. ಅವರು ಹೊರಬಂದು ನನ್ನನ್ನು ಕಂಡು, "ಏನು ಪವರ್ರು ಕಣ್ರೀ ನಿಮ್ಮ ಪೇಪರಿಗೆ!" ಎಂದರು. "ಮುಂದಿನ ವಾರಕ್ಕೂ ಒಂದು ಹಾಕ್ಬುಡಿ. ಶುಭ ಹಾರೈಸಿದ ಎಲ್ಲರಿಗೂ ಧನ್ಯವಾದಗಳು ಅಂತ. ಅದೇ ಫೋಟೊಗಳು ಇರಲಿ."

"ಮತ್ತೆ ಗಿರಣಿ?"

"ನೋಡಿದ್ರಲ್ಲ. ಜನ ಬರ್ತಾರೆ, ಗಿರಣಿಗೆ ಬರಲ್ಲ. ನಾನೇನು ಮಾಡ್ಲಿ?"

ಇಂಥ ಮನುಷ್ಯನ ಮೇಲೆ ಸಿಟ್ಟು ಬರಬೇಕಾದರೂ ಅವನಲ್ಲಿ ಸ್ವಲ್ಪ ತೂಕವಿರಬೇಕು. ನನಗೆ ಬಂದದ್ದು ಹೇಸಿಗೆ. ಅದರಲ್ಲಿ ನನ್ನ ಪಾಲೂ ಇತ್ತು. ಬರೆಯುತ್ತೇನೆ ಎಂದು ಹೇಳಿ ಬರೆಯದವಳು ನಾನೇ.

ಗುರುವಾರ ಮಹದೇವಮ್ಮ ಒಬ್ಬರೇ ಆಫೀಸಿಗೆ ಬಂದರು. ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು ತಂದಿದ್ದರು. ವಸಿಷ್ಠ ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

"ಇದ್ರಲ್ಲಿ ಯಾರ ಹೆಸರೂ ಇಲ್ವಲ್ಲಮ್ಮ."

"ಹೆಸರು ಯಾತಕ್ಕೆ ಸ್ವಾಮಿ? ರಾಗಿ ಬೀಸೋಕೆ ರಾಗಿ ಸಾಕು."

"ನಿಮ್ಮ ಯಜಮಾನರು ಈ ವಾರಕ್ಕೆ ದೊಡ್ಡದೇ ಕೊಟ್ಟವ್ರೆ. ಮನೆಗೆ ಒಂದು ಸಾಕು, ಹೋಗಿ ಬನ್ನಿ," ಎಂದು ಹಾಳೆಯನ್ನು ನನ್ನ ಮೇಜಿನ ಮೇಲೆ ಹಾಕಿ ಟೀ ಕುಡಿಯಲು ಹೋದರು.

ಆಕೆ ಮೆಟ್ಟಿಲಿಳಿದರು. ಅವರು ಹೋದಮೇಲೆ ನಾನು ಆ ಹಾಳೆಯನ್ನು ಮೆಲುದನಿಯಲ್ಲಿ ಓದಿದೆ.

'ರಾಗಿ, ಗೋಧಿ, ಅಕ್ಕಿ, ಕಡಲೆ ಬೀಸಿಕೊಡುತ್ತೇವೆ. ಖಾರದಪುಡಿಗೆ ಬೇರೆ ಮೆಷಿನ್. ಕಲ್ಲು ಹೊಸದಾಗಿ ಕೊರೆಸಿದೆ. ನಿಮ್ಮ ಕಾಳು ನಿಮ್ಮ ಎದುರಿಗೇ ಹಿಟ್ಟಾಗುತ್ತದೆ, ನಿಂತು ನೋಡಬಹುದು. ಬೆಳಗ್ಗೆ ಏಳರಿಂದ. ನೀರಿನ ಟ್ಯಾಂಕಿನ ಹಿಂದಿನ ರಸ್ತೆ, ಹೊಂಗೆಮರ ಇರುವ ಮನೆ.'

ಉಸಿರು ನಿಲ್ಲುವ ಕಡೆ ಸಾಲು ನಿಲ್ಲುತ್ತಿತ್ತು. ನಮ್ಮ ಪತ್ರಿಕೆಯಲ್ಲಿ ಅಂಥ ಕನ್ನಡವನ್ನು ನಾನು ಕಂಡೇ ಇರಲಿಲ್ಲ.

ಶುಕ್ರವಾರ ವಸಿಷ್ಠ ನಂಜನಗೂಡಿನಲ್ಲಿ ಮದುವೆಯಿದೆಯೆಂದು ಹೊರಟರು. ಪುಟಗಳನ್ನು ಪ್ರೆಸ್ಸಿಗೆ ಕಳಿಸುವುದು ನನ್ನ ಪಾಲಿಗೆ ಬಂತು. ಶಿವಲಿಂಗಯ್ಯನವರ ಧನ್ಯವಾದವಿದ್ದ ಐದನೆಯ ಪುಟ ತೆರೆದೆ. ಕಾರ್ಪೊರೇಟರುಗಳನ್ನು ತೆಗೆದೆ, ಅಧ್ಯಕ್ಷರನ್ನು ತೆಗೆದೆ, ಮೊಮ್ಮಗನನ್ನು, ಅವನ ಮುತ್ತಜ್ಜನನ್ನು, ಪೇಟವನ್ನು ತೆಗೆದೆ. ಉಳಿದವರು ಗುರುಗಳಿಬ್ಬರು. ಇಂಥ ನೆರೆಹೊರೆಯಲ್ಲಿ ಕೂರಿಸುವುದಕ್ಕಿಂತ ಎಬ್ಬಿಸಿ ಕಳಿಸುವುದೇ ಭಕ್ತಿ ಎಂದುಕೊಂಡು ಅವರನ್ನೂ ತೆಗೆದೆ. ಖಾಲಿಯಾದ ಜಾಗದಲ್ಲಿ ಮಹದೇವಮ್ಮನ ಸಾಲುಗಳನ್ನು, ಒಂದಕ್ಷರವೂ ಬದಲಿಸದೆ, ದಪ್ಪಗೆ ಕೂರಿಸಿ ಕಳಿಸಿದೆ.

ಶನಿವಾರ ಎಂಟು ಗಂಟೆಗೆ ಗಿರಣಿಗೆ ಹೋದೆ. ಮೂವರು ಹೆಂಗಸರಿದ್ದರು. ಒಂಬತ್ತಕ್ಕೆ ಹನ್ನೊಂದು ಜನ.

"ಅಯ್ಯೋ, ಇಲ್ಲೇ ಗಿರಣಿ ಇತ್ತಾ? ಎರಡು ವರ್ಷದಿಂದ ಪ್ಯಾಕೆಟ್ಟಿನ ಧೂಳು ತಿಂತಿದೀನಿ ಕಣ್ರೀ."

"ನನಗೆ ಸದ್ದು ಕೇಳಿಸ್ತಿತ್ತು. ಕಬ್ಬಿನಹಾಲಿನ ಮೆಷಿನ್ನು ಅಂದ್ಕೊಂಡಿದ್ದೆ."

ಮಹದೇವಮ್ಮ ಒಂದು ಡಬ್ಬ ಇಳಿಸಿ ಇನ್ನೊಂದು ಸುರಿಯುತ್ತಿದ್ದರು. ಆ ಹೊತ್ತಿಗೆ ಶಿವಲಿಂಗಯ್ಯ ಪತ್ರಿಕೆ ಬೀಸುತ್ತ ಮನೆಯೊಳಗಿನಿಂದ ಬಂದರು.

"ನನ್ನ ಮುಖ ಎಲ್ರೀ? ನನ್ನ ತಂದೆಯವರ ಮುಖ ಎಲ್ಲಿ?"

"ಸಾಲಲ್ಲಿ ಬನ್ನಿ ಸಾರ್," ಎಂದಳು ಹಿಂದಿದ್ದ ಒಬ್ಬಾಕೆ.

ಸುದ್ದಿ ಮುಟ್ಟಿ ವಸಿಷ್ಠರೂ ಸ್ಕೂಟರಿನಲ್ಲಿ ಧಾವಿಸಿದರು. ನನ್ನನ್ನು ಬೈಯಲು ಬಾಯಿ ತೆರೆದವರು ಸಾಲನ್ನು ನೋಡಿದರು. ಬಾಯಿ ಅಷ್ಟೇ ತೆರೆದಿತ್ತು, ಮಾತು ಮಾತ್ರ ಬೇರೆ ಬಂತು.

"ನೋಡಿದ್ರಾ ಸಾರ್, ಹೋದ ವಾರದ ನಿಮ್ಮ ಫೋಟೊ ಎಫೆಕ್ಟು! ನಿಧಾನಕ್ಕೆ ಹಿಡಿಯುತ್ತೆ, ಆಯುರ್ವೇದದ ಥರ. ಮೊದ್ಲು ಮುಖದ ಮೇಲೆ ನಂಬಿಕೆ ಬರ್ಬೇಕು, ಆಮೇಲೇ ರಾಗಿ."

ಶಿವಲಿಂಗಯ್ಯ ಹೆಂಡತಿಯನ್ನೂ ಸಾಲನ್ನೂ ಒಮ್ಮೆ ನೋಡಿದರು. ನಂಬಿಕೆ ಅವರ ಮುಖಕ್ಕೆ ಹತ್ತಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡೆ. "ಅದೇ ಅಂದ್ಕೊಂಡೆ," ಎಂದರು. ಮಹದೇವಮ್ಮ ತಿರುಗಿಯೂ ನೋಡಲಿಲ್ಲ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. 'ಬಂಧು ಜಾಹೀರಾತಿನ ಅದ್ಭುತ ಫಲ' ಎಂಬ ಪುಟ ಆಗಬೇಕಿತ್ತು, ವಸಿಷ್ಠ ಮತ್ತು ಶಿವಲಿಂಗಯ್ಯ ಕೈಕುಲುಕುವ ಫೋಟೊದ ಸಮೇತ. ಅದನ್ನೂ ನಾನೇ ಕೂರಿಸಿದೆ. ಇಬ್ಬರನ್ನೂ ಬೆಳ್ಳಗೆ ಮಾಡಿದೆ.

ರಾಮನವಮಿಯ ದಿನ ಖಾರದಪುಡಿ ಮಾಡಿಸಲು ಅಮ್ಮನ ಡಬ್ಬ ಹಿಡಿದು ನಾನೂ ಸಾಲಿನಲ್ಲಿ ನಿಂತಿದ್ದೆ. ಗುಜರಿ ಮಹೇಂದ್ರ ಟೆಂಪೊ ತಂದ. ಶಿವಲಿಂಗಯ್ಯ ಗಿರಣಿಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬಂದವರಿಗೆಲ್ಲ ಕೈಮುಗಿಯುತ್ತ ಕೂತಿದ್ದರು.

"ನಡೆಯೋ ಮಿಲ್ಲನ್ನ ಯಾರಾದ್ರೂ ಮಾರ್ತಾರೇನಯ್ಯ?"

"ನೀವೇ ಬಾ ಅಂದ್ರಲ್ಲ ಸಾರ್."

"ಹೋಗಯ್ಯ, ಹೋಗು. ನಿನಗೆ ಬಿಸಿನೆಸ್ ತಿಳಿಯಲ್ಲ."

ಟೆಂಪೊ ಹಿಂದಕ್ಕೆ ತಿರುಗಿತು. ಆಗ ತಾನೇ ಬಂದ ಹೆಂಗಸೊಬ್ಬಳು, ಕೈಮುಗಿದು ಕೂತವರನ್ನು ಗಿರಣಿಯ ಆಳೆಂದು ತಿಳಿದು, ಮೆಣಸಿನಕಾಯಿಯ ಡಬ್ಬವನ್ನು ಅವರ ತೊಡೆಯ ಮೇಲಿಟ್ಟಳು.

"ಒಳಗೆ ಕೊಟ್ಬುಡಿ. ನುಣ್ಣಗೆ ಬೇಕು ಅನ್ನಿ."

ಅವರು ಸುತ್ತ ನೋಡಿದರು. ಯಾರೂ ಅವರನ್ನು ನೋಡುತ್ತಿರಲಿಲ್ಲ. ಎದ್ದು ಡಬ್ಬವನ್ನು ಎದೆಗವಚಿಕೊಂಡು ಒಳಗೆ ಹೋದರು. ಮೆಷಿನ್ನಿನ ಸದ್ದಿಗಿಂತ ಮೇಲೆ ಮಹದೇವಮ್ಮನ ದನಿ ಕೇಳಿಸಿತು.

"ಅಲ್ಲಿಡ್ರೀ, ಸಾಲಿನ ಕೊನೇಲಿ."