ಕುರ್ಚಿಯೊಳಗೆ ಹೊಲಿದಿಟ್ಟ ಪಾಸ್‌ಪೋರ್ಟ್

"ತಾರೀಖು ಮುಗಿದ ಹಾಲಿನ ಪ್ಯಾಕೆಟ್ ಕಣೋ ನೀನು. ನಿನಗೆ ರಜೆ ಬೇರೆ ಕೇಡು!"

ಸೋಫಾ ಅಂಗಡಿಯ ಮಾಲೀಕ ಹೀಗೆ ಅಂದಾಗ ಇಬ್ಬರು ಗಿರಾಕಿಗಳು ಅಲ್ಲೇ ನಿಂತಿದ್ದರು. ಜೊತೆಗೆ ಕೆಲಸ ಮಾಡುವ ಒಂಬತ್ತು ಜನರೂ ಇದ್ದರು. ಯಾರೋ ಕಿಸಕ್ಕೆಂದರು. ನನ್ನ ಕೈಯಲ್ಲಿ ಪಿನ್ ಹೊಡೆಯುವ ಗನ್ ಇತ್ತು. ಕೆಳಗಿಟ್ಟೆ. ಇಡದಿದ್ದರೆ ಇವತ್ತು ಈ ಕಥೆ ಹೇಳಲು ನಾನು ಹೊರಗಿರುತ್ತಿರಲಿಲ್ಲ.

ನಾನು ಕೇಳಿದ್ದು ಅರ್ಧ ದಿನದ ರಜೆ. ಅಣ್ಣನ ಮಗಳನ್ನು ಶಾಲೆಗೆ ಸೇರಿಸಬಹುದೇ ಎಂದು ವಿಚಾರಿಸಬೇಕಿತ್ತು. ಅವಳಿಗೆ ಏಳು ವರ್ಷ. ಗುಬ್ಬಿ ಎಂದು ಕರೆಯುತ್ತೇವೆ. ದಿನವಿಡೀ ಕೋಣೆಯಲ್ಲೇ ಇದ್ದು, ಸ್ಪಂಜಿನ ಚೂರುಗಳನ್ನು ಸಾಲಾಗಿ ಕೂರಿಸಿ, ತಾನೇ ಟೀಚರ್ ಆಗಿ ಗದರುತ್ತಾಳೆ. ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅವಳದು ಹಾಗಾಗಬಾರದು, ಅಷ್ಟೇ ನನ್ನ ಹಠ.

ಅಣ್ಣ, ಅತ್ತಿಗೆ, ಗುಬ್ಬಿ, ನಾನು ಈ ದೇಶಕ್ಕೆ ಬಂದದ್ದು ಮೂರು ತಿಂಗಳ ಪ್ರವಾಸಿ ವೀಸಾದಲ್ಲಿ. ಅಣ್ಣನ ಕೈಕೆಲಸ ಕಂಡ ಮಾಲೀಕ, "ಇಲ್ಲೇ ಇರಿ, ಕಾಗದಪತ್ರ ನಾನು ಮಾಡಿಸ್ತೀನಿ" ಎಂದ. ಮೂರು ತಿಂಗಳು ಎರಡು ವರ್ಷವಾಯಿತು. ಕಾಗದ ಬರಲಿಲ್ಲ, ಬೈಗುಳ ಬಂತು. ನಾವು ಹಿಂದಿನ ಬಾಗಿಲಿನಿಂದಲೇ ಬಂದು ಹಿಂದಿನ ಬಾಗಿಲಿನಿಂದಲೇ ಹೋಗಬೇಕೆಂಬ ಅಪ್ಪಣೆಯೂ ಬಂತು.

ಭಾನುವಾರ ಬೆಳಿಗ್ಗೆ ಮೇಲಿನ ಮನೆಯ ಅಕ್ಕ ಮೆತ್ತೆ ಹರಿದ ಸ್ಟೂಲನ್ನು ಹೊಲಿಸಲು ನಮ್ಮ ಕೋಣೆಗೆ ಬಂದರು. ಅವರು ಉಚಿತ ಕಾನೂನು ನೆರವಿನ ಕಚೇರಿಯಲ್ಲಿ ದುಭಾಷಿ. ವಕೀಲರ ಮಾತನ್ನು ನಮ್ಮಂಥವರಿಗೆ ನಮ್ಮ ಭಾಷೆಯಲ್ಲಿ ಹೇಳುವ ಕೆಲಸ. ಅಣ್ಣ ಮಾಡಿದ ದೊಡ್ಡ ಕುರ್ಚಿಯಲ್ಲಿ ಕೂತು ನನ್ನ ಮುಖ ನೋಡಿದರು.

"ಏನಪ್ಪಾ, ಮುಖ ಗಂಟು ಹಾಕ್ಕೊಂಡಿದ್ದೀಯ?"

ಹಾಲಿನ ಪ್ಯಾಕೆಟ್ಟಿನ ಕಥೆ ಹೇಳಿದೆ. ವೀಸಾದ ಕಥೆಯನ್ನೂ ಹೇಳಿಬಿಟ್ಟೆ. ಅಣ್ಣ ಸಿಡುಕಿದ. "ಬಾಯಿ ಮುಚ್ಚೋ. ಬೀದಿಗೆಲ್ಲ ಡಂಗುರ ಹೊಡಿ!"

"ಇರಲಿ ಬಿಡಣ್ಣ, ನಾನೂ ವೀಸಾ ಮುಗಿದು ಹಾಗೇ ಇದ್ದವಳು" ಎಂದರು ಅಕ್ಕ. "ಮಗನ ಚಿಕಿತ್ಸೆ ಅರ್ಧದಲ್ಲಿತ್ತು. ಅದನ್ನೇ ಹೇಳಿ ಅರ್ಜಿ ಹಾಕಿದೆ. ಇರೋಕೆ ಅನುಮತಿ ಸಿಕ್ತು."

"ನಮ್ಮಲ್ಲಿ ಯಾರಿಗೂ ಕಾಯಿಲೆ ಇಲ್ವಲ್ಲ" ಎಂದ ಅಣ್ಣ.

"ನಿಮ್ಮ ಭಯ ಸಾಲದಾ?" ಎಂದರು ಅತ್ತಿಗೆ.

ಅಣ್ಣ ಜಗ್ಗಲಿಲ್ಲ. "ಕಚೇರಿ ಮೆಟ್ಟಿಲು ಹತ್ತಿದ್ರೆ ಸೀದಾ ಜೈಲಿಗೇ."

"ವಕೀಲರು ಪೊಲೀಸರಲ್ಲ ಅಣ್ಣ" ಎಂದರು ಅಕ್ಕ. " ನೀವು ಹೇಳಿದ್ದು ಅವರ ಹತ್ರಾನೇ ಇರುತ್ತೆ. ಮೊದಲು ಅವರು, ಆಮೇಲೆ ಸರ್ಕಾರಿ ಕಚೇರಿ. ಕಾನೂನು ಒಪ್ಪೋ ಕಾರಣ ಇದ್ರೆ ಇರೋಕೆ ಅರ್ಜಿ ಹಾಕಬಹುದು. ಕಾಯಿಲೆ, ಊರಲ್ಲಿ ಪ್ರಾಣಭಯ, ಇಲ್ಲೇ ಕಾಯಂ ಇರೋ ಗಂಡನೋ ಹೆಂಡತಿನೋ, ಹೀಗೆ. ಏನೂ ಇಲ್ವಾ? ನಾವಾಗೇ ಹೇಳಿ ಹೊರಡಬಹುದು. ಸಿಕ್ಕಿಬಿದ್ದು ಹೋಗೋದೇ ಬೇರೆ, ಹೇಳಿ ಹೋಗೋದೇ ಬೇರೆ. ದಂಡ ಬೀಳಬಹುದು, ಇಷ್ಟು ವರ್ಷ ಮತ್ತೆ ಬರಬೇಡಿ ಅನ್ನಬಹುದು. ಅದನ್ನೂ ಮೊದಲೇ ಕೇಳಿ ತಿಳ್ಕೊಳ್ಳಿ. ಎಲ್ಲಿ, ಪಾಸ್‌ಪೋರ್ಟ್ ತನ್ನಿ."

ಅಣ್ಣ ತಲೆ ಕೆರೆದುಕೊಂಡ. "ನೀವು ಅದರ ಮೇಲೇ ಕೂತಿದ್ದೀರಿ."

ಅಕ್ಕ ಕೆಂಡ ತುಳಿದವರಂತೆ ಎದ್ದರು.

ವೀಸಾ ಮುಗಿದ ದಿನವೇ ಅಣ್ಣ ನಾಲ್ಕೂ ಪಾಸ್‌ಪೋರ್ಟನ್ನು ಸ್ಪಂಜಿನ ನಡುವೆ ಇಟ್ಟು ಹೊಲಿದಿದ್ದ. ಕಣ್ಣಿಗೆ ಬೀಳದಿದ್ದರೆ ತಾರೀಖು ಮುಗಿಯುವುದಿಲ್ಲ ಎಂದುಕೊಂಡಿದ್ದನೋ ಏನೋ. ಈಗ ಹೊಲಿಗೆ ಎಲ್ಲಿದೆ ಎಂದು ಅವನಿಗೇ ತಿಳಿಯಲಿಲ್ಲ. ಕುರ್ಚಿಯನ್ನು ತಿರುಗಿಸಿ ಮುರುಗಿಸಿ ಹುಡುಕಿದ. ಅಷ್ಟು ಸಣ್ಣ ಹೊಲಿಗೆ! ನಗು ಬಂದರೂ ಎದೆ ಉಬ್ಬಿತು. ಇಂಥ ಕೈ ಇರುವವನನ್ನು ಹಿಂದಿನ ಬಾಗಿಲಿನಿಂದ ನಡೆಸಿದರಲ್ಲ ಎಂದು ಮೈ ಉರಿಯಿತು.

ಬಿಚ್ಚಿದರೆ, ಸ್ಪಂಜಿಗೆ ಹಚ್ಚಿದ ಅಂಟು ಇಳಿದು ಅತ್ತಿಗೆಯ ಪಾಸ್‌ಪೋರ್ಟಿನ ಹಾಳೆಗಳು ಒಂದಕ್ಕೊಂದು ಹತ್ತಿಕೊಂಡಿದ್ದವು. ಅಣ್ಣ ತೆಳು ಬ್ಲೇಡ್ ತೆಗೆದ. "ನಾಜೂಕಾಗಿ ಬಿಡಿಸ್ತೀನಿ."

ಅಕ್ಕ ಅವನ ಕೈ ಹಿಡಿದರು. "ಮುಟ್ಟಬೇಡಿ! ತಿದ್ದಿದ್ದಾರೆ ಅಂತ ಅನುಮಾನ ಬಂದ್ರೆ ಮುಗೀತು. ಹೇಗಿದೆಯೋ ಹಾಗೇ ತನ್ನಿ. ಆಗಿದ್ದನ್ನ ಆದ ಹಾಗೇ ಹೇಳಿ."

ಬುಧವಾರ ಅಣ್ಣನೂ ನಾನೂ ಯಾರನ್ನೂ ಕೇಳದೆ ರಜೆ ಹಾಕಿದೆವು. ನಾಲ್ವರೂ ಅಕ್ಕನ ಕಾನೂನು ನೆರವಿನ ಕಚೇರಿಗೆ ಹೋದೆವು. ವಕೀಲರು ಒಂದು ಗಂಟೆ ಕೇಳಿಸಿಕೊಂಡರು. ಅವರು ಪರಿಶೀಲಿಸಿದಾಗ ಗೊತ್ತಾಯಿತು, ಮಾಲೀಕ ನಮಗಾಗಿ ಒಂದು ಅರ್ಜಿಯನ್ನೂ ಹಾಕಿರಲಿಲ್ಲ. ಇಲ್ಲೇ ಉಳಿಯಲು ನಮ್ಮ ಬಳಿ ಗಟ್ಟಿ ಕಾರಣವೂ ಇರಲಿಲ್ಲ. ಹಾಳಾದ ಪಾಸ್‌ಪೋರ್ಟಿಗೆ ನಮ್ಮ ದೇಶದ ರಾಯಭಾರ ಕಚೇರಿಯಲ್ಲಿ ಊರಿಗೆ ಮರಳಲು ಬೇರೆ ಕಾಗದ ಸಿಗುತ್ತದೆ ಎಂದರು. ಹೊರಡುವವರೆಗೆ ಗುಬ್ಬಿ ಇಲ್ಲಿಯ ಶಾಲೆಗೇ ಹೋಗಬಹುದು, ಅಪ್ಪ ಅಮ್ಮನ ವೀಸಾವನ್ನು ಇಲ್ಲಿನ ಶಾಲೆಯವರು ಕೇಳುವುದಿಲ್ಲ ಎಂದೂ ಹೇಳಿದರು. ಎರಡು ವರ್ಷ! ಒಂದು ಮಾತು ಕೇಳದೆ ಮಗುವಿನ ಎರಡು ವರ್ಷ ತಿಂದೆವು.

ಹೊರಗೆ ಬಂದ ಮೇಲೆ ಗುಬ್ಬಿ ಕೇಳಿದಳು. "ಅಪ್ಪಾ, ನಮ್ಮೂರಲ್ಲೂ ಶಾಲೆ ಇರುತ್ತಾ?"

"ಇರುತ್ತೆ ಪುಟ್ಟಿ."

"ಮತ್ತೆ ಹೋಗೋಣ."

ಅಣ್ಣ ಬೆನ್ನು ನೆಟ್ಟಗೆ ಮಾಡಿ ನಿಂತ. "ಕದ್ದು ಬಂದವರಲ್ಲ ನಾವು. ಕದ್ದು ಹೋಗೋದೂ ಬೇಡ. ಹೇಳಿಯೇ ಹೋಗೋಣ." ಅವನನ್ನು ಹಾಗೆ ನೋಡಿ ಎರಡು ವರ್ಷವಾಗಿತ್ತು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ವೀಸಾದ ದಿನವೂ ಮುಗಿದಿದ್ದರೆ ಬಚ್ಚಿಟ್ಟುಕೊಂಡು ಕೂರಬೇಡಿ. ಒಂದೊಂದು ದೇಶದ ನಿಯಮ ಒಂದೊಂದು ಥರ. ನಮಗೆ ಆದದ್ದೇ ನಿಮಗೂ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಕೇಳಿ. ಉಚಿತ ಕಾನೂನು ನೆರವು ಎಲ್ಲಿದೆ ಎಂದು ವಿಚಾರಿಸಿ. ಪಾಸ್‌ಪೋರ್ಟನ್ನು ಮಾಲೀಕನ ಕೈಗಾಗಲಿ ದಲ್ಲಾಳಿಯ ಕೈಗಾಗಲಿ ಕೊಡಬೇಡಿ. ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ. ಮುಗಿದದ್ದು ವೀಸಾದ ತಾರೀಖು, ನಿಮ್ಮದಲ್ಲ.

ಮುಂದಿನ ವಾರ ಗುಬ್ಬಿ ಶಾಲೆಗೆ ಸೇರಿದಳು. ಸೋಫಾ ಹೊಲಿಯುವ ನನ್ನ ಬಾಗಿದ ಸೂಜಿ ಅಂಗಡಿಯಲ್ಲೇ ಉಳಿದಿತ್ತು. ತರಲು ಹೋದೆ. ಮಾಲೀಕ ಗಿರಾಕಿಗಳ ಮುಂದೆಯೇ ಕೂಗಿದ. "ಏನೋ, ಹೊರಟೆಯಂತೆ? ತಾರೀಖು ಮುಗಿದದ್ದನ್ನ ಎಲ್ಲಿ ಯಾರು ಮೂಸಿ ನೋಡ್ತಾರೋ?"

ಗುಬ್ಬಿಯ ಶಾಲೆ ಬಿಡುವ ಹೊತ್ತಾಗಿತ್ತು. ಸೂಜಿಯನ್ನು ಜೇಬಿಗೆ ಸಿಕ್ಕಿಸಿಕೊಂಡು, ಮುಂದಿನ ಬಾಗಿಲಿನಿಂದ ನಡೆದು ಹೋದೆ.