ಗೋಡೆಯ ಮೇಲಿನ ಗಣಿ

"ಕಡೀ ಮೂರು ಸ್ಲೈಡು ತಗದಿಡು ಕಸ್ತೂರಿ," ಎಂದರು ಬಸವಂತರಾಯರು, ಚಹಾದ ಬಸಿಯನ್ನು ಕುರ್ಚಿಯ ಕೆಳಗೆ ಸರಿಸುತ್ತ. "ಮುರಿದ ಚಿಮಣಿ, ಹಾಳು ಬಾವಿ ಯಾರಿಗೆ ಬೇಕಾಗ್ಯಾವ? ಹೊಳಿಯೋ ಕಲ್ಲು ತೋರಸು. ಬಂಗಾರ ಐತಿ ಅನ್ನು. ಕಾಲೇಜಿನಾಗ ಕಲಿಸೋ ಬಾಯಿ ಹೇಳಿದ್ರ ಮಂದಿ ನಂಬತಾರ."

"ಬಂಗಾರ ಐತ್ರಿ ಮಾವಾರ. ಆದ್ರ ತಗಿಯೋ ಖರ್ಚು ಹುಟ್ಟೂದಿಲ್ಲ."

"ಅದರಾಗ ಮೊದಲಿನ ಮಾತಷ್ಟ ಸಾಕು ನಮಗ."

ಬಂಗಾರದ ಬೆಲೆ ಏರುತ್ತಲೇ ಇದ್ದ ಎಪ್ಪತ್ನಾಲ್ಕರ ಒಂದು ಭಾನುವಾರ. ಬಾಂದ್ರಾದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಬಸವಂತರಾಯರು ಕಪ್ಪತಗುಡ್ಡದ ಹಳೆಯ ಗಣಿಗಳನ್ನು ಮತ್ತೆ ತೆರೆಯುವ ಕಂಪನಿ ಕಟ್ಟಲು ಹೊರಟಿದ್ದರು. ಸಯನ್ ಸ್ಟೇಷನ್ನಿನ ಪಕ್ಕದ ಕನ್ನಡ ಸಂಘದ ಕೋಣೆಯಲ್ಲಿ ಮೊದಲು ಕಸ್ತೂರಿಬಾಯಿಯ ಭಾಷಣ, ಆಮೇಲೆ ಶೇರು ಬರೆಸಿಕೊಳ್ಳುವ ಕಾರ್ಯಕ್ರಮ. ಬಸವಂತರಾಯರು ಆಕೆಯ ಗಂಡ ಭೀಮರಾಯನ ಸೋದರಮಾವ. ಗಂಡ ಹೆಂಡತಿ ಇದ್ದದ್ದೂ ಅವರದೇ ಫ್ಲ್ಯಾಟಿನಲ್ಲಿ.

ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ಕಸ್ತೂರಿಬಾಯಿ ರಜೆ ಬಂದಾಗಲೆಲ್ಲ ಸುತ್ತಿಗೆ, ಕ್ಯಾಮೆರಾ ಹಿಡಿದು ಆ ಗುಡ್ಡದ ಬುಡ ಸುತ್ತಿದ್ದಳು. ಬಾವಿಯಂಥ ಗಣಿಯ ಬಾಯಿಗೆ ಕಲ್ಲೆಸೆದು, ಅದು ನೀರಿಗೆ ಬೀಳುವವರೆಗೆ ಕಿವಿಗೊಟ್ಟು ಕೂತಿದ್ದಳು. ಹಿಂದೆ ಗಣಿ ನಡೆಸಿದ್ದ ಇಂಗ್ಲಿಷ್ ಸಾಹೇಬರ ಬಂಗಲೆಯ ನೆಲಗಟ್ಟಿನಲ್ಲಿ ಜಾಲಿ ಬೆಳೆದದ್ದನ್ನು ಕಂಡಿದ್ದಳು.

ಮುಂದಿನ ಬೆಂಚಿನಿಂದ ಮಿಲ್ಲಿನ ಮುರಿಗೆಪ್ಪನ ಹೆಂಡತಿ ಕಾಶವ್ವ ಎದ್ದು ಬಂದು ನಮಸ್ಕಾರ ಮಾಡಿದಳು. ಮುಂಗೈಯಲ್ಲಿ ಬಂಗಾರದ ಪಾಟಲಿ ಬಳೆಗಳಿದ್ದ ಕಡೆ ಚರ್ಮ ಬೆಳ್ಳಗಿತ್ತು. ಪಾಟಲಿಗಳು ಕರವಸ್ತ್ರದ ಗಂಟಿನಲ್ಲಿದ್ದವು.

"ನೀವು ಕಣ್ಣಾರೆ ನೋಡಿ ಬಂದೀರಂತಲ್ರಿ ಬಾಯಾರ. ನೀವು ಹೂಂ ಅಂದ್ರ ಇವನ್ನ ಮಾರಿ ಶೇರು ತಗೋತೀವಿ. ನಮ್ಮ ಮನಿಯಾಗ ಇರೂದು ಇವಷ್ಟ."

ಕಸ್ತೂರಿಬಾಯಿ ಆ ಗಂಟನ್ನು ನೋಡಿದಳು. ಸ್ಲೈಡುಗಳ ಡಬ್ಬಿಯನ್ನು, ಒಂದನ್ನೂ ತೆಗೆಯದೆ, ಪ್ರೊಜೆಕ್ಟರ್ ಪಕ್ಕ ನಿಂತಿದ್ದ ಗಂಡನ ಕೈಗೆ ಕೊಟ್ಟಳು.

ದೀಪ ಆರಿತು. ಪರದೆ ಸಿಗದ್ದರಿಂದ ಗೋಡೆಗೆ ಬಸವಂತರಾಯರದೇ ಬಿಳಿ ಧೋತರ ಕಟ್ಟಿದ್ದರು. ಅದರ ಮೇಲೆ ಬೆಣಚುಕಲ್ಲು ಮೂಡಿತು, ನಡುವೆ ಕೂದಲೆಳೆಯಷ್ಟು ಹಳದಿ ಗೆರೆ. ಕೋಣೆಯ ತುಂಬ ಗುಸುಗುಸು. ಬಸವಂತರಾಯರು ಚಪ್ಪಾಳೆ ತಟ್ಟಿ ಎದ್ದರು.

"ಕೂಡ್ರಿ ಮಾವಾರ. ಇನ್ನೂ ಅದಾವ."

ಭೀಮರಾಯನ ಬೆರಳು ಒಂದು ಗಳಿಗೆ ತಡೆಯಿತು. ಕಸ್ತೂರಿಬಾಯಿ ಕತ್ತಲಲ್ಲೇ ಅವನ ಕಡೆ ನೋಡಿದಳು. ಟಕ್ಕೆಂದು ಸ್ಲೈಡು ಸರಿದು ಅರ್ಧ ಕುಸಿದ ಚಿಮಣಿ ಬಂತು.

"ಇಲ್ಲಿ ಗುದ್ದಲಿ ಬೀಳೂಕಿಂತ ಮೊದಲ ಲಂಡನ್ನಿನಾಗ ಶೇರು ಮಾರಿದ್ರು. ಕೆಳಗ ಹೋದಂಗ ಈ ಹಳದಿ ಗೆರಿ ಸಣ್ಣಾಗಿ ಕಾಣಲಾರದಂಗಾತು. ಸಾಹೇಬರು ಗಂಟು ಮೂಟಿ ಕಟ್ಟಿದ್ರು. ಕಡೀ ತಿಂಗಳ ಪಗಾರ ಕೊಡಲಿಲ್ಲಂತ, ಅಲ್ಲಿಯ ಮುದುಕರು ಇನ್ನೂ ಬೈತಾರ."

"ಭೀಮೂ, ಬಂದ್ ಮಾಡು ಆ ಮಷೀನು."

"ಭಾಳ ಬಿಸಿ ಆಗೇತಿ ಮಾವಾ. ಒಮ್ಮಿಗಲೇ ಬಂದ್ ಮಾಡಿದ್ರ ಬಲ್ಬು ಹೋಗತೈತಿ."

ಹಿಂದಿನಿಂದ ಯಾರೋ ನಕ್ಕರು. ಬಸವಂತರಾಯರು ಕತ್ತಲಲ್ಲಿ ತಡವರಿಸುತ್ತ ಗೋಡೆಗೆ ಹೋಗಿ ಧೋತರ ಜಗ್ಗಿದರು. ಮೊಳೆ ಕಿತ್ತು ಧೋತರ ನೆಲಕ್ಕೆ ಬಿತ್ತು.

"ನನ್ನ ಧೋತರ, ನನ್ನ ಮನಿ. ನಾಳಿಂದ ಎಲ್ಲಿ ಇರತೀ ವಿಚಾರ ಮಾಡೀಯೇನು?"

"ಮಾಡೇನ್ರಿ. ದಹಿಸರದಾಗ ಬಾಡಿಗಿ ಕಡಿಮಿ ಐತಂತ," ಎಂದಳು ಕಸ್ತೂರಿಬಾಯಿ.

ಚಿಮಣಿ ಈಗ ಬರಿಯ ಗೋಡೆಯ ಮೇಲಿತ್ತು. ಅದರ ನಟ್ಟನಡುವೆ, ಧೋತರದ ಮರೆಯಲ್ಲಿದ್ದ ಬಸವಂತರಾಯರ ಅಂಗಡಿಯ ಕ್ಯಾಲೆಂಡರು, ಕಮಲದ ಮೇಲೆ ಲಕ್ಷ್ಮಿ. ಹೊರಗೆ ಒಂದು ಲೋಕಲ್ ರೈಲು ಹಾದುಹೋಯಿತು.

ಮುರಿಗೆಪ್ಪ ಎದ್ದ. ಬಸವಂತರಾಯರ ಮಗ್ಗುಲಿಂದಲೇ ಹೋಗಿ ಕ್ಯಾಲೆಂಡರು ಇಳಿಸಿದ, ಲಕ್ಷ್ಮಿಗೆ ಮಡಿಕೆ ಬೀಳದ ಹಾಗೆ ಸುತ್ತಿ ಅವರ ಕೈಗೇ ಕೊಟ್ಟ.

"ಮುಂದಿಂದು ತೋರಸ್ರಿ ಬಾಯಾರ."

ಗಣಿಯ ಬಾಯಿ ಬಂತು. ಆಮೇಲೆ ತುಕ್ಕು ಹಿಡಿದ ಬಾಯ್ಲರು. ಕುರುಬರು ಅದರೊಳಗೆ ಕುರಿಮರಿಗಳನ್ನು ಕೂಡಿಹಾಕಿದ್ದರು. ಕೋಣೆಯ ಸುಣ್ಣ ಎದ್ದ ಗೋಡೆಯ ಮೇಲೆ ಒಂದು ಮರಿ ಕಿವಿ ನಿಮಿರಿಸಿ ಹೊರಗಿಣುಕಿತ್ತು. ಆ ಚಿತ್ರದ ಮಂದ ಬೆಳಕಿನಲ್ಲಿ ಕಾಶವ್ವ ಕರವಸ್ತ್ರದ ಗಂಟು ಬಿಚ್ಚಿದಳು. ಮತ್ತೆ ತೊಡಹೋದ ಪಾಟಲಿ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಮುರಿಗೆಪ್ಪ ಅವಳ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಒತ್ತಿ, ಮೆಲ್ಲಗೆ ಅದನ್ನು ಮೇಲಕ್ಕೆ ಸರಿಸತೊಡಗಿದ.