ಟ್ರಸ್ಕಾಟನ ಹುಲ್ಲುಗಾವಲಿನಲ್ಲಿ ಹೆಸ್ಟರ್

ರಾಡ್ನಿ ಪಿಮ್ ಮೂವತ್ತೊಂದು ವರ್ಷ ಲೆಸ್ಟರಿನ ಬಿಸ್ಕತ್ತು ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದವನು. ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯಿರಿ, ಬಿಸಿನೀರು ಬಿಸಿಯಾಗಿರುತ್ತದೆ ಎಂಬಂಥ ಮಹಾವಾಕ್ಯಗಳನ್ನು ಗೋಡೆಗೋಡೆಗೂ ಅಂಟಿಸಿ ನಿವೃತ್ತನಾದ. ಆಮೇಲೆ ಎಚ್ಚರಿಸುವುದಕ್ಕೆ ಉಳಿದವಳು ಹೆಂಡತಿ ಒಬ್ಬಳೇ. ಅದು ಸಾಲದೆಂದೋ ಏನೋ, ಐವತ್ತೇಳು ಅಡಿ ಉದ್ದದ, ಏಳಡಿಯೂ ಅಗಲವಿಲ್ಲದ ಕಬ್ಬಿಣದ ದೋಣಿಯೊಂದನ್ನು ಕೊಂಡ. ಅಡುಗೆಮನೆ, ಒಲೆ, ಮಂಚ, ಎಲ್ಲ ರೈಲುಡಬ್ಬಿಯಂತೆ ಒಂದರ ಹಿಂದೊಂದು. ಅದಕ್ಕೆ ಹೆಂಡತಿಯ ಹೆಸರನ್ನೇ ಇಟ್ಟು 'ಹೆಸ್ಟರ್' ಎಂದು ದೊಡ್ಡದಾಗಿ ಬರೆಸಿದ. ಅಂದಿನಿಂದ ದಾರಿಯಲ್ಲಿ ಸಿಕ್ಕವರಿಗೆಲ್ಲ, "ಹೆಸ್ಟರ್ ಹದಿನೇಳು ಟನ್ ಇದಾಳೆ, ತಿರುಗಿಸೋದು ಕಷ್ಟ" ಎಂದು ಅವನು ಹೇಳುವುದನ್ನು ಅಸಲಿ ಹೆಸ್ಟರ್ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳಬೇಕಾಯಿತು.

ಕೆಲಸದ ಹಂಚಿಕೆಯಲ್ಲಿ ಗೊಂದಲವಿರಲಿಲ್ಲ. ಚುಕ್ಕಾಣಿ ಅವನದು. ಹಗ್ಗ, ಗೂಟ, ಸುತ್ತಿಗೆ, ದೋಣಿಯನ್ನು ಒಂದು ಮಟ್ಟದ ನೀರಿನಿಂದ ಇನ್ನೊಂದಕ್ಕೆ ಏರಿಳಿಸುವ ಲಾಕುಗಳ ಭಾರದ ಗೇಟುಗಳು ಮತ್ತು ಮಳೆ ಅವಳದು.

ಮಾರ್ಚ್ ತಿಂಗಳಲ್ಲಿ ಸೋರ್ ನದಿಗೆ ಇಳಿದರು. ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ನೀರಿನ ಮಟ್ಟ ತೋರಿಸುವ ಹಲಗೆಯಲ್ಲಿ ನದಿ ಹಸಿರು ದಾಟಿ ಹಳದಿ ಬಣ್ಣ ಮುಟ್ಟಿತ್ತು. "ಹಳದಿ ಅಂದ್ರೆ ಎಚ್ಚರದಿಂದ ಹೋಗಿ ಅಂತ. ನಾನು ಎಚ್ಚರದಿಂದಲೇ ಹೋಗ್ತಾ ಇದೀನಿ" ಎಂದ ರಾಡ್ನಿ. ಸಂಜೆಗೆ ಟ್ರಸ್ಕಾಟ್ ಎಂಬ ರೈತನ ಹುಲ್ಲುಗಾವಲಿನ ದಡಕ್ಕೆ ದೋಣಿ ಕಟ್ಟಿದರು.

ಸ್ವಲ್ಪ ಮುಂದೆ ತುಕ್ಕು ಹಿಡಿದ ಇನ್ನೊಂದು ದೋಣಿಯಿತ್ತು. ಅದರಲ್ಲಿ ಹತ್ತೊಂಬತ್ತು ವರ್ಷದಿಂದ ವಾಸವಿದ್ದ ಮಾವಿಸ್ ಗಫ್ ಬೂಟು ಕೆಸರಲ್ಲಿ ಎಳೆಯುತ್ತ ಬಂದಳು.

"ಯಜಮಾನ್ರೇ, ದೋಣಿಗೂ ದಡಕ್ಕೂ ನಡುವೆ ಎರಡು ಕಂಬ ನೆಡಿ. ನೀರು ಏರಿದ್ರೆ ದೋಣಿ ಹುಲ್ಲಿನ ಮೇಲೆ ಹತ್ತಿ ಕೂರುತ್ತೆ. ಕಂಬ ನನ್ ಹತ್ರ ಇವೆ, ಕೊಡ್ತೀನಿ."

"ಬೇಡಿ. ನಾನು ಎರಡು ದಿನದ ತರಬೇತಿ ತಗೊಂಡಿದೀನಿ. ಸರ್ಟಿಫಿಕೇಟ್ ಇದೆ."

"ಓಹೋ. ಹಾಗಾದ್ರೆ ಅದನ್ನೇ ನೆಡಿ" ಎಂದು ಮಾವಿಸ್ ಹೊರಟುಹೋದಳು.

ನೀರು ಏರಿದರೆ ಹಗ್ಗ ಸಡಿಲ ಬಿಡಬೇಕೆಂದು ತರಬೇತಿಯಲ್ಲಿ ಹೇಳಿದ್ದರು. ರಾಡ್ನಿ ಉದಾರವಾಗಿ ಬಿಟ್ಟ.

ಬೆಳಿಗ್ಗೆ ಹೆಸ್ಟರ್ ಪರದೆ ಸರಿಸಿದರೆ ದಡವೇ ಇಲ್ಲ. ಎತ್ತ ನೋಡಿದರೂ ಕಂದು ನೀರು. ಒಂದು ಕಡೆ ಅದು ಮರದ ಕೊಂಬೆಗಳನ್ನು ಹೊತ್ತು ಓಡುತ್ತಿತ್ತು. ಇನ್ನೊಂದು ಕಡೆ, ಇವರ ದೋಣಿಯಿದ್ದ ಕಡೆ, ಕೊಳದ ಹಾಗೆ ಸುಮ್ಮನಿತ್ತು. ಮಾವಿಸ್ ತನ್ನ ದೋಣಿಯ ಮಾಡಿನ ಮೇಲೆ ನಿಂತು ಕೂಗಿದಳು.

"ಈಗ್ಲೇ ಗಳು ಹಾಕಿ ಹಿಂದಕ್ಕೆ ತಳ್ಳಿ. ನೀವಿರೋದು ಟ್ರಸ್ಕಾಟನ ಹುಲ್ಲಿನ ಮೇಲೆ."

"ಇಲ್ಲಿ ಸೆಳೆತ ಇಲ್ಲ. ಇದೇ ಸುರಕ್ಷಿತ ಜಾಗ" ಎಂದ ರಾಡ್ನಿ.

"ಸೆಳೆತ ಹೇಗಿರುತ್ತೆ? ಅದು ನದಿ ಅಲ್ವಲ್ಲ."

ರಾಡ್ನಿ ಒಳಗೆ ಬಂದು ಮೊದಲು ಟೀ ಕುಡಿಯೋಣ ಎಂದ. ಟೀ ಆದಮೇಲೆ ಮೊಟ್ಟೆ ಅಂದ. ಮೊಟ್ಟೆ ಆದಮೇಲೆ ಗಾಳಿ ನಿಲ್ಲಲಿ ಅಂದ. ಆ ಇಡೀ ದಿನ ಹಾಗೇ ಹೋಯಿತು. ಮಾರನೆಯ ಮಧ್ಯಾಹ್ನ ಹೆಸ್ಟರ್ ಕಿಟಕಿಯಾಚೆ, ನೀರಲ್ಲಿ ಮುಳುಗಿದ್ದ ಬೇಲಿಯ ಕಡೆ ನೋಡುತ್ತಿದ್ದಳು.

"ರಾಡ್ನಿ, ಬೇಲಿ ಬೆಳೀತಾ ಇದೆ."

ಅವನು ಎದ್ದು ನೋಡುವಷ್ಟರಲ್ಲಿ ಕೆಳಗೆ ದಡ್ ಎಂದಿತು. ಮೇಜಿನ ಮೇಲಿನ ಕಪ್ಪು ತಾನಾಗಿ ಜಾರಿ ಅವನ ತೊಡೆಗೆ ಬಂತು. ಸಂಜೆಯ ಹೊತ್ತಿಗೆ ನದಿ ಮರ್ಯಾದೆಯಿಂದ ತನ್ನ ಮನೆ ಸೇರಿತ್ತು. ದೋಣಿ ಮಾತ್ರ ನೀರಿನಿಂದ ಇಪ್ಪತ್ತಡಿ ದೂರದಲ್ಲಿ, ಹುಲ್ಲಿನ ಮೇಲೆ, ಒಂದು ಪಕ್ಕಕ್ಕೆ ವಾಲಿಕೊಂಡು ಕೂತಿತ್ತು.

ಟ್ರಸ್ಕಾಟ್ ಬಂದು ದೋಣಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಮೈಮೇಲಿನ ಹೆಸರು ಓದಿದ.

"ಹೆಸ್ಟರ್ ಎಷ್ಟು ದಿನ ನನ್ ಹುಲ್ಲಲ್ಲಿ ಮಲಗಿರ್ತಾಳೆ, ಸ್ವಾಮಿ?"

"ಕ್ರೇನ್ ಬರೋ ತನಕ" ಎಂದಳು ಹೆಸ್ಟರ್, ಬಾಗಿಲಿನಿಂದಲೇ.

ಕ್ರೇನಿನವರು ನೆಲ ಒಣಗದೆ ಬರುವುದಿಲ್ಲವೆಂದರು. ಒಂಬತ್ತು ದಿನ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ನಿಜಕ್ಕೂ ಡೊಂಕು. ಬಾಣಲೆಯಲ್ಲಿ ಮೊಟ್ಟೆ ಒಂದೇ ಮೂಲೆಗೆ ಓಡುತ್ತಿತ್ತು. ಮಲಗಿದರೆ ರಾಡ್ನಿ ಉರುಳಿ ಬಂದು ಅವಳನ್ನು ಗೋಡೆಗೆ ಒತ್ತುತ್ತಿದ್ದ. ಹಗಲೆಲ್ಲ ಹಸುಗಳು ಬಂದು ದೋಣಿಗೆ ಕತ್ತು ಉಜ್ಜಿಕೊಂಡವು. ಊರಿನವರು ನಾಯಿ ಅಡ್ಡಾಡಿಸುವ ನೆಪದಲ್ಲಿ ಬಂದು ಫೋಟೋ ತೆಗೆದರು. ರಾಡ್ನಿ ಮೊದಲೆರಡು ದಿನ ಒಳಗೆ ಅಡಗಿ ಕೂತ. ಮೂರನೆಯ ದಿನ ಹೊರಗೆ ನಿಂತು ವಿವರಿಸತೊಡಗಿದ. ನಾಲ್ಕನೆಯ ದಿನದ ಹೊತ್ತಿಗೆ ಆ ವಿವರಣೆಯಲ್ಲಿ, ಸೆಳೆತದಿಂದ ದೋಣಿಯನ್ನು ಉಳಿಸಲು ಅವನೇ ಬೇಕೆಂದೇ ಅದನ್ನು ಹುಲ್ಲಿಗೆ ಹತ್ತಿಸಿದ್ದ.

ಹೆಸ್ಟರ್ ಆ ಭಾಷಣ ಒಂದು ಸಲ ಪೂರ್ತಿ ಕೇಳಿದಳು. ಆಮೇಲೆ ಕೋಟು ಹಾಕಿಕೊಂಡು ಮಾವಿಸಳ ದೋಣಿಗೆ ಹೋದಳು.

"ಚುಕ್ಕಾಣಿ ಹಿಡಿಯೋದು ಅಷ್ಟು ಕಷ್ಟಾನಾ?"

"ಗಂಡಸರು ಮಾಡ್ತಾರಲ್ಲ, ತಾಯಿ" ಎಂದಳು ಮಾವಿಸ್.

ನಾಲ್ಕು ದಿನ ಆ ತುಕ್ಕು ದೋಣಿಯಲ್ಲಿ ಸೇತುವೆಯ ತನಕ ಹೋಗಿ ಬಂದರು. ಹೋಗಬೇಕಾದ ಕಡೆಯ ವಿರುದ್ಧ ದಿಕ್ಕಿಗೆ ಚುಕ್ಕಾಣಿ ತಳ್ಳಬೇಕು, ಮತ್ತು ದೋಣಿ ಮಾತು ಕೇಳುವ ತನಕ ಬಾಯಿ ಮುಚ್ಚಿಕೊಂಡು ಕಾಯಬೇಕು. ಎರಡನೆಯದರಲ್ಲಿ ಹೆಸ್ಟರಳಿಗೆ ಮೂವತ್ತೆಂಟು ವರ್ಷದ ಅಭ್ಯಾಸವಿತ್ತು.

ಎಂಟನೆಯ ದಿನ ಅವಳು ಬಂದಾಗ ರಾಡ್ನಿ ಇಳಿಜಾರಿನ ತುದಿಯಲ್ಲಿ ಒಲೆಯ ಪಕ್ಕ ಕೂತಿದ್ದ. ಅವಳ ಮುಖ ನೋಡದೆ ಮಾತಾಡಿದ.

"ಆವತ್ತು ಬೆಳಿಗ್ಗೆ ಆ ನೀರು ಓಡೋದು ನೋಡಿ ನಂಗೆ ಕೈಕಾಲೇ ಆಡ್ಲಿಲ್ಲ. ತಳ್ಳಿದ್ರೆ ಕೊಚ್ಚಿಕೊಂಡು ಹೋಗ್ತೀವಿ ಅನ್ನಿಸ್ತು. ಟೀ ಕುಡಿಯೋಣ ಅಂದದ್ದು ಅದಕ್ಕೇ."

ವಾರವಿಡೀ ಕೂಡಿಟ್ಟ ಮಾತುಗಳು ಹೆಸ್ಟರಳ ನಾಲಿಗೆಯ ತುದಿಗೆ ಸಾಲುಗಟ್ಟಿದವು. ಅವನ ಹೆಗಲು ಕುಗ್ಗಿದ್ದು ಕಂಡು ಬಹುಪಾಲು ನುಂಗಿಕೊಂಡಳು.

"ಗೊತ್ತಿತ್ತು. ಒಂದೇ ಕಪ್ಪಿಗೆ ಮೂರು ಸಲ ಸಕ್ಕರೆ ಹಾಕಿದೆ ನೀನು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಂಗೂ ಹೆದರಿಕೆ ಆಗಿತ್ತು. ಆದ್ರೆ ನನ್ನ ಹತ್ರ ಸರ್ಟಿಫಿಕೇಟ್ ಇರ್ಲಿಲ್ಲ ನೋಡು."

ರಾಡ್ನಿ ನಕ್ಕ. ತನ್ನನ್ನು ನೋಡಿ ತಾನೇ ನಗುವುದು ಅವನಿಗೆ ಹೊಸದು; ಸ್ವಲ್ಪ ಕೆಮ್ಮು ಬಂತು.

ಮಾರನೆಯ ದಿನ ಕ್ರೇನು ಬಂತು. ಹದಿನೇಳು ಟನ್ ಕಬ್ಬಿಣ ಎರಡು ಪಟ್ಟಿಗಳಲ್ಲಿ ತೊಟ್ಟಿಲಿನಂತೆ ತೂಗುತ್ತ ಹಸುಗಳ ತಲೆ ಮೇಲೆ ಹಾಯ್ದು ನದಿಗೆ ಇಳಿಯಿತು. ರಾಡ್ನಿ ಹಿಂಭಾಗಕ್ಕೆ ಹತ್ತಲು ಹೋದರೆ ಹೆಸ್ಟರ್ ಆಗಲೇ ಅಲ್ಲಿ ಚುಕ್ಕಾಣಿ ಹಿಡಿದು ನಿಂತಿದ್ದಳು. ಅವನು ಒಂದು ಗಳಿಗೆ ನೋಡಿದ. ಆಮೇಲೆ ಮುಂಭಾಗಕ್ಕೆ ನಡೆದು ಹಗ್ಗ ಸುತ್ತತೊಡಗಿದ.

ಮಧ್ಯಾಹ್ನಕ್ಕೆ ಮೊದಲ ಲಾಕು ಬಂತು. ಗೇಟು ದೂಡಿ ತೆರೆಯುವಷ್ಟರಲ್ಲಿ ರಾಡ್ನಿಯ ಮುಖ ಟೊಮೇಟೊ ಆಗಿತ್ತು. ಇಷ್ಟು ಭಾರವೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಹೆಸ್ಟರ್ ಒಳಗೆ ನುಗ್ಗಿಸುವಾಗ ದೋಣಿಯ ಬದಿ ಕಲ್ಲುಗೋಡೆಗೆ ಕಿರ್ರೆಂದು ಉದ್ದಕ್ಕೂ ಉಜ್ಜಿತು. ಅಡುಗೆಮನೆಯಲ್ಲಿ ಏನೋ ಬಿದ್ದು ಒಡೆಯಿತು.

"ಚೆನ್ನಾಗೇ ಬಂತು" ಎಂದ ರಾಡ್ನಿ ಗೋಡೆಯ ಮೇಲಿಂದ.

"ಸುಳ್ಳು ಹೇಳ್ಬೇಡ."

"ಸರಿ. ಘೋರವಾಗಿತ್ತು."

"ಗೇಟು ಮುಚ್ಚು" ಎಂದಳು ಹೆಸ್ಟರ್.